ಮೂರನೆಯ ಮಹಡಿಯ ಚಾವಣಿ

ಏಣಿಯ ತುದಿಯಲ್ಲಿ ನಿಂತಿದ್ದ ತಂಗಿ ಟಾರ್ಚನ್ನು ಒಮ್ಮೆ ಆರಿಸಿ ಮತ್ತೆ ಹೊತ್ತಿಸಿದಳು, ಬೆಳಕಿನದೇನಾದರೂ ಮೋಸವಿರಬಹುದೇ ಎಂದು. ಮೋಸವೇನೂ ಇರಲಿಲ್ಲ. ಚಾವಣಿಯ ಪೈಪಿನಿಂದ ಇಳಿಬಿದ್ದಿದ್ದ, ನೀರು ಚಿಮ್ಮಿಸುವ ಹಿತ್ತಾಳೆಯ ಪುಟ್ಟ ಹೆಡ್ಡು, ಅದರ ನಡುವಿನ ಕೆಂಪಗಿರಬೇಕಿದ್ದ ಗಾಜಿನ ಕಡ್ಡಿ, ಕೆಳಗಿನ ಹಲ್ಲುಹಲ್ಲಾದ ತಟ್ಟೆ, ಎಲ್ಲವೂ ಹಾಲು ಚೆಲ್ಲಿದಂತೆ ಬೆಳ್ಳಗಿದ್ದವು. ಪಕ್ಕದ್ದೂ ಹಾಗೆಯೇ, ಅದರಾಚೆಯದೂ ಹಾಗೆಯೇ. ಟಾರ್ಚಿನ ಬೆಳಕು ಆ ಉದ್ದನೆಯ ಕೋಣೆಯ ಕೊನೆಯ ಕಿಟಕಿಯವರೆಗೆ ಹೋಗಿ ಬಂತು. ಎಲ್ಲಿಯೂ ಒಂದು ಕೆಂಪು ಚುಕ್ಕೆ ಕಾಣಲಿಲ್ಲ.

"ಹೇಗಿದೆಯೇ?" ಎಂದು ಕೆಳಗಿನಿಂದ ಅಕ್ಕ ಕೇಳಿದಳು. "ಹೋದ ವರ್ಷ ಜೇಡರ ಬಲೆ, ಜೇಡರ ಬಲೆ ಅಂತ ಮೂಗು ಮುರಿದ್ಯಲ್ಲ, ಈಗ ಹುಡುಕು ನೋಡೋಣ ಒಂದು!"

ಹೊಲಿಗೆ ಯಂತ್ರಗಳನ್ನು ನಿಲ್ಲಿಸಿ ಹೆಂಗಸರೆಲ್ಲ ಕತ್ತೆತ್ತಿ ನಿಂತಿದ್ದರು. ಅಂಗಿಗಳಿಗೆ ಗುಂಡಿ ಹಾಕಿ ಹಾಕಿ ಗುಂಡಿ ಅಜ್ಜಿ ಎಂದೇ ಹೆಸರಾಗಿದ್ದ ಮುದುಕಿ ಕುರ್ಚಿಯಲ್ಲೇ ಕುಳಿತು ಕೂಗಿದಳು: "ಅಷ್ಟೆತ್ತರ ಹತ್ತಿದ್ದೀಯ ಪುಟ್ಟೀ, ಸ್ವರ್ಗ ಅಲ್ಲೇ ಹತ್ತಿರದಲ್ಲಿರಬೇಕು. ನನಗೊಂದು ಜಾಗ ನೋಡಿಟ್ಟು ಬಾ. ಕಿಟಕಿ ಪಕ್ಕ ಇರಲಿ."

ಎಲ್ಲರೂ ನಕ್ಕರು. ತಂಗಿಯ ಜೊತೆ ಕೆಲಸಕ್ಕೆ ಬಂದು ಏಣಿ ಹಿಡಿದು ನಿಂತಿದ್ದ ಪೈಪಣ್ಣ ಮಾತ್ರ ನಗಲಿಲ್ಲ. ತಲೆತಲಾಂತರದಿಂದ ಪೈಪುಗಳನ್ನೇ ನೋಡಿಕೊಂಡು ಬಂದವನಂತಿದ್ದ ಆ ಮನುಷ್ಯ ಕೋಣೆಗೆ ಕಾಲಿಟ್ಟ ಕೂಡಲೇ ಮೇಲೆ ನೋಡಿ, ಆಮೇಲೆ ನೆಲ ನೋಡುತ್ತ ಉಳಿದುಬಿಟ್ಟಿದ್ದ.

ಕಟ್ಟಡಗಳಿಗೆ ವರ್ಷಕ್ಕೊಮ್ಮೆ ಹೋಗಿ, ಬೆಂಕಿ ಬಿದ್ದರೆ ಚಾವಣಿಯಿಂದ ನೀರು ಸುರಿಯುವ ವ್ಯವಸ್ಥೆ ಸರಿಯಿದೆಯೇ ಎಂದು ನೋಡುವುದು ತಂಗಿಯ ಕೆಲಸ. ಹೋದ ವರ್ಷ ಈ ಮಹಡಿಯಲ್ಲಿ ಬಟ್ಟೆಯ ಗಂಟುಗಳು ಚಾವಣಿಗೆ ತಾಗುವಂತೆ ಏರಿದ್ದವು, ಹೆಡ್ಡುಗಳ ಸುತ್ತ ಬಲೆ ಕಟ್ಟಿತ್ತು. ಹಾಗೆಂದು ಬರೆದು, ಇನ್ನೊಂದು ವರ್ಷದ ಅವಕಾಶ ಕೊಟ್ಟು ಹೋಗಿದ್ದಳು. ಈ ಸಲ ಮುಂಚಿತವಾಗಿಯೇ ಫೋನು ಮಾಡಿ, "ನಾನೇ ಬರ್ತಿದೀನಿ ಅಕ್ಕ, ಗಂಟು ಇಳಿಸು, ಬಲೆ ತೆಗೆಸು, ಮೇಲೆಲ್ಲ ಒಂಚೂರು ಚೊಕ್ಕಟವಾಗಿರಲಿ" ಎಂದಿದ್ದಳು. ಅಕ್ಕ ಅಷ್ಟಕ್ಕೇ ಬಿಟ್ಟಾಳೇ? ಒಂದು ಹೊಲಿಗೆ ಹಾಕು ಎಂದರೆ ಎರಡು ಹಾಕಿ ಮಡಚಿ ಇಸ್ತ್ರಿಯನ್ನೂ ಮಾಡಿ ಕೊಡುವ ಜಾತಿ ಅವಳದು. ತಂಗಿ ಬರುತ್ತಾಳೆ, ತಂಗಿಯ ಮಾತು ಉಳಿಯಬೇಕು ಎಂದು ರಜೆಯ ದಿನ ಹೆಂಗಸರನ್ನೆಲ್ಲ ಕೂಡಿಸಿಕೊಂಡು ಗಂಟು ಇಳಿಸಿದಳು, ಬಲೆ ತೆಗೆಸಿದಳು. ತೆಗೆದ ಮೇಲೆ ಚಾವಣಿಯ ಕೊಳಕು ಇನ್ನೂ ಎದ್ದು ಕಂಡಿತೆಂದು ಬಣ್ಣ ತರಿಸಿದಳು.

"ರೋಲರ್ ಅಲ್ಲಿ ತಾಗ್ಲಿಲ್ಲ ಕಣೇ," ಎಂದು ಅಕ್ಕ ಈಗ ಹೆಮ್ಮೆಯಿಂದ ವಿವರಿಸುತ್ತಿದ್ದಳು. "ಆ ಹಿತ್ತಾಳೆದು ಕಿಲುಬು ಹಿಡಿದು ಅಸಹ್ಯವಾಗಿತ್ತು. ಒಂದೊಂದಕ್ಕೂ ಹಲ್ಲುಜ್ಜೋ ಬ್ರಷ್ಷಲ್ಲಿ ನಾನೇ ಹಚ್ಚಿದ್ದು. ಎರಡೆರಡು ಕೈ. ಕತ್ತು ಇನ್ನೂ ನೆಟ್ಟಗಾಗಿಲ್ಲ ನೋಡು."

ತಂಗಿ ಏಣಿಯಿಂದ ಇಳಿದಳು. ಇಳಿಯುವಷ್ಟು ಹೊತ್ತಾದರೂ ಆ ಮುಖಗಳು ಹಾಗೆಯೇ ಇರಲಿ ಎಂದು ಮೆಟ್ಟಿಲು ಮೆಟ್ಟಿಲಿಗೂ ತಡೆದು ತಡೆದು ಇಳಿದಳು.

"ಅಕ್ಕ, ಆ ಗಾಜಿಗೆ ಬಣ್ಣ ಹಚ್ಚಬಾರದಿತ್ತು."

"ಯಾಕೆ? ಬಣ್ಣ ಚೆನ್ನಾಗಿಲ್ವಾ?"

"ಬೆಂಕಿ ಬಿದ್ರೆ ಕಾವಿಗೆ ಆ ಗಾಜು ಒಡೀಬೇಕು. ಒಡೆದು ಮುಚ್ಚಳ ಕಳಚಿ ನೀರು ಬರಬೇಕು. ಬಣ್ಣ ಮೆತ್ತಿದ್ರೆ ಕಾವು ಹತ್ತೋದೇ ನಿಧಾನ. ಮುಚ್ಚಳಾನೂ ಅಂಟ್ಕೊಂಡಿರುತ್ತೆ."

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಥಿನ್ನರ್ ಹಾಕಿ ಒರೆಸಿದರಾಯಿತು ಎಂದಳು ಒಬ್ಬಳು. ಬ್ಲೇಡಿನಲ್ಲಿ ಕೆರೆದರೆ ಬರುತ್ತದೆ ಎಂದಳು ಇನ್ನೊಬ್ಬಳು. ಪೈಪಣ್ಣ ಮೊದಲ ಬಾರಿ ಬಾಯಿ ತೆರೆದ: "ಒರೆಸೋ ಹಾಗಿಲ್ಲ ತಾಯಿ, ಕೆರೆಯೋ ಹಾಗೂ ಇಲ್ಲ. ಬಣ್ಣ ಬಿದ್ದದ್ದು ಕೆಟ್ಟ ಹಾಗೇ ಲೆಕ್ಕ. ತೆಗೆದು ಹೊಸದು ಹಾಕಬೇಕು. ಪೈಪು ಮುದಿಯಾಗಿದೆ, ಒಂದು ತಿರುಗಿಸಿದ್ರೆ ಹತ್ತು ಕಡೆ ಸೋರುತ್ತೆ. ಇಡೀ ಸಾಲೇ ಹೊಸದಾಗಬೇಕು."

"ಅದನ್ನ ಯಾರು ಮಾಡಿಸ್ತಾರೆ?"

"ಮಾಲೀಕರೇ ಮಾಡಿಸ್ಬೇಕು."

ಗುಂಡಿ ಅಜ್ಜಿ ಫಕ್ಕನೆ ನಕ್ಕಳು. ಅದು ಮೊದಲಿನ ತಮಾಷೆಯ ನಗುವಲ್ಲ.

ಮಾಲೀಕನಿಗೆ ಈ ಕಟ್ಟಡ ಖಾಲಿಯಾಗಬೇಕಿತ್ತು. ಅದು ಬೀದಿಗೆಲ್ಲ ಗೊತ್ತಿದ್ದ ಮಾತು. ಎರಡನೆಯ ಮಹಡಿಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವವರಿದ್ದರು. ಮೆಟ್ಟಿಲ ಕಂಬಿ ಅಲುಗಾಡುತ್ತದೆ, ಅಪಾಯ, ಸರಿಮಾಡುವವರೆಗೆ ಮಾತ್ರ ಎಂದು ಹೇಳಿ ಅವರ ಬಾಗಿಲಿಗೆ ಬೀಗ ಹಾಕಿಸಿದ್ದ. ಕಂಬಿ ಈಗಲೂ ಅಲುಗಾಡುತ್ತಿದೆ. ಬೀಗ ಮಾತ್ರ ಅಲುಗಾಡಿಲ್ಲ. ಮೂರನೆಯ ಮಹಡಿಯ ಮೇಲೆ ಅವನಿಗೊಂದು ನೆಪ ಸಿಕ್ಕಿರಲಿಲ್ಲ, ಅಷ್ಟೆ. ಅಕ್ಕ ಈ ಕೋಣೆಗೆ ಬಂದಾಗ ತಂಗಿ ಇನ್ನೂ ಶಾಲೆಗೆ ಹೋಗುವವಳು. ಅಮ್ಮನಿಲ್ಲದ ಮನೆಯಲ್ಲಿ ತಂಗಿಯ ತುತ್ತು, ಬಟ್ಟೆ, ಓದು ಎಲ್ಲ ಈ ಯಂತ್ರಗಳ ಸೂಜಿಯ ಕೆಳಗಿಂದಲೇ ಬಂದದ್ದು. ಕೆಲಸಕ್ಕೆ ಸೇರಿದ ದಿನ ತೊಟ್ಟ ಸಮವಸ್ತ್ರ ಕೂಡ.

ಅಕ್ಕ ತಂಗಿಯ ತೋಳು ಹಿಡಿದು ಇಸ್ತ್ರಿ ಮೇಜಿನ ಮೂಲೆಗೆ ಕರೆದೊಯ್ದಳು.

"ನೀನು ನೋಡಿದ್ದೀಯ, ಪೈಪಣ್ಣ ನೋಡಿದ್ದಾನೆ. ಇನ್ಯಾರಿಗೆ ಗೊತ್ತು?"

"ಅಕ್ಕ..."

"ತಪ್ಪು ನಂದೇ, ಒಪ್ಕೋತೀನಿ. ಆದ್ರೆ ಖಂಡಿತ ಕೆಲಸ ಮಾಡಲ್ಲ ಅಂತ ನಿನಗೆ ಗೊತ್ತಾ? ತೋರ್ಸು. ನನ್ನ ಕಣ್ಣೆದುರು ತೋರ್ಸು."

ನೀರಿನ ವಾಲ್ವ್ ಮುಚ್ಚಿ, ಪೈಪಣ್ಣ ಬಾಗಿಲ ಬಳಿಯ ಒಂದು ಹೆಡ್ಡನ್ನು ಉಸಿರು ಬಿಗಿಹಿಡಿದು ತಿರುಗಿಸಿ ತೆಗೆದ. ಅದರ ಜಾಗಕ್ಕೆ ಪೆಟ್ಟಿಗೆಯಿಂದ ಹೊಸದೊಂದನ್ನು ಹಾಕಿದ. ತೆಗೆದದ್ದನ್ನು ಇಕ್ಕುಳದಲ್ಲಿ ಹಿಡಿದು, ಹೆಂಗಸರು ಚಹಾ ಕಾಸುವ ಒಲೆಯ ಉರಿಯ ಮೇಲಕ್ಕೆ ಹಿಡಿದ. ಬಿಳಿಯ ಬಣ್ಣ ಹಳದಿಯಾಯಿತು, ಕಂದಾಯಿತು, ಗುಳ್ಳೆ ಎದ್ದು ನಾರತೊಡಗಿತು. ಎಲ್ಲರಿಗೂ ಸಾಕು ಸಾಕೆನಿಸಿದ ಮೇಲೆ ಟಪ್ ಎಂದು ಗಾಜು ಒಡೆಯಿತು.

"ಒಡೀತು!" ಎಂದಳು ಅಕ್ಕ. ಅವಳ ಮುಖ ಅರಳಿದ್ದನ್ನು ತಂಗಿಯಿಂದ ನೋಡಲಾಗಲಿಲ್ಲ.

ಪೈಪಣ್ಣ ಹೆಡ್ಡನ್ನು ತಿರುಗಿಸಿ ತೋರಿಸಿದ. ಮುಚ್ಚಳ ಕಳಚಿರಲಿಲ್ಲ. ಕರಗಿದ ಬಣ್ಣ ಅಂಚಿನ ಸುತ್ತ ಕಪ್ಪಗೆ ಮೆತ್ತಿ ಅದನ್ನು ಹಿಡಿದುಕೊಂಡಿತ್ತು.

"ಇಲ್ಲಿ ನೀರಿಲ್ಲ," ಎಂದು ಅಕ್ಕ ಬಿಡದೆ ಹೇಳಿದಳು. "ಮೇಲೆ ಹಿಂದಿನಿಂದ ನೀರು ತಳ್ಳುತ್ತಲ್ಲ? ತಳ್ಳಿದ್ರೆ ಬೀಳಲ್ವಾ?"

"ಬೀಳಬಹುದು. ಬೀಳದೇನೂ ಇರಬಹುದು."

"ಬೀಳಬಹುದು ಅಂತಲೇ ಬರಿ."

"ಆ ಮಾತಿಗೆ ಕಾಗದದಲ್ಲಿ ಜಾಗ ಇಲ್ಲ ಅಕ್ಕ. ಸರಿ ಇದೆ, ಇಲ್ಲ, ಎರಡೇ. ಅವಕಾಶ ಕೊಡೋದು ಒಂದೇ ಸಲ, ಅದು ಹೋದ ವರ್ಷವೇ ಮುಗೀತು."

ಅಕ್ಕ ದನಿ ತಗ್ಗಿಸಿದಳು. "ನೋಡು, ಬೆಂಕಿ ಬೀಳುತ್ತೋ ಇಲ್ವೋ ಯಾರಿಗೆ ಗೊತ್ತು. ಬೀಗ ಬೀಳೋದು ಮಾತ್ರ ನನಗೂ ಗೊತ್ತು, ನಿನಗೂ ಗೊತ್ತು."

ತಂಗಿ ಕೋಣೆಯನ್ನು ನೋಡಿದಳು: ಕಾದ ಇಸ್ತ್ರಿಪೆಟ್ಟಿಗೆಗಳು, ಮೇಜಿನಡಿ ಮೊಳಕಾಲುದ್ದ ಬಿದ್ದ ಬಟ್ಟೆಯ ಚೂರು, ಇಳಿಯಲು ಇರುವ ಒಂದೇ ಮೆಟ್ಟಿಲಸಾಲು, ಅದನ್ನು ಬೆಳಿಗ್ಗೆ ಇಬ್ಬರ ಭುಜ ಹಿಡಿದು ಹತ್ತುವ ಗುಂಡಿ ಅಜ್ಜಿ. ಆಮೇಲೆ ಪೈಪಣ್ಣನನ್ನು ನೋಡಿದಳು. ಅವನು ಇಕ್ಕುಳ ಒರೆಸುತ್ತ, "ನನ್ನ ಕಣ್ಣು ಈಚೆಗೆ ಸ್ವಲ್ಪ ಮಂಜು ತಾಯಿ. ನೀವು ಏನು ಬರೆದ್ರೂ ಸರಿ," ಎಂದ. ದಾರಿ ಬಿಟ್ಟುಕೊಟ್ಟವನಂತೆ ಪಕ್ಕಕ್ಕೂ ಸರಿದ. ಅವನು ಬೈದಿದ್ದರೆ ಒಳ್ಳೆಯದಿತ್ತು ಎನಿಸಿತು ಅವಳಿಗೆ.

ಇಲ್ಲ ಎಂದು ಬರೆದಳು. ಅಕ್ಷರ ಎಂದಿನಷ್ಟೇ ದುಂಡಗೆ ಬಂತು. ಅದೇ ಅವಳನ್ನು ಆಮೇಲೆ ಬಹಳ ಕಾಲ ಕಾಡಿತು.

ಅಕ್ಕ ಬೈಯಲಿಲ್ಲ, ಅಳಲಿಲ್ಲ. ಗೋಡೆಯ ಗಡಿಯಾರ ನೋಡಿ, "ಊಟದ ಹೊತ್ತಾಯ್ತು, ಡಬ್ಬಿ ತಂದಿದ್ದೀಯಾ?" ಎಂದು ಕೇಳಿದಳು. ತಂದಿಲ್ಲವೆಂದಾಗ ತನ್ನದನ್ನು ಬಿಚ್ಚಿ ಮುಂದಿಟ್ಟು, "ಪೈಪಣ್ಣಂಗೂ ಕೊಡು" ಎಂದು ಹೇಳಿ ಯಂತ್ರದ ಮುಂದೆ ಹೋಗಿ ಕುಳಿತಳು. ಅರ್ಧ ಉಳಿದಿದ್ದ ತೋಳನ್ನು ಹೊಲಿದು ಮುಗಿಸಿದಳು. ತಂಗಿ ತಿಂದಳು. ತಿನ್ನದೆ ಏಳುವ ಧೈರ್ಯ ಅವಳಿಗಿರಲಿಲ್ಲ.

ಮಾಲೀಕನ ಮ್ಯಾನೇಜರ್ ಆ ಮಧ್ಯಾಹ್ನವೇ ಬಂದ. ಸೊಂಟದಲ್ಲಿ ಸದಾ ಗಲಗಲ ಎನ್ನುವ ಬೀಗದ ಕೈಗಳಿಂದಾಗಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಕೀಲಿಗೊಂಚಲು ಎಂದು. ಅವನು ಚಾವಣಿಯನ್ನು ನಿಧಾನವಾಗಿ, ಹೊಸ ಮನೆ ನೋಡಲು ಬಂದವನಂತೆ ನೋಡಿದ.

"ಬಣ್ಣ ಹೊಡೆಯೋಕೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ," ಎಂದಳು ಅಕ್ಕ, ತಂಗಿಯ ಕಡೆ ನೋಡದೆ. "ನಾನೇ ಹೊಡೆದೆ."

"ಛೆ, ಛೆ. ಒಂದು ಮಾತು ಕೇಳ್ಬಾರ್ದಾ ಅಕ್ಕಾವ್ರೇ? ಜೀವದ ಪ್ರಶ್ನೆ ಅಲ್ವಾ ಇದು. ಸರಿಮಾಡಿಸೋವರೆಗೆ ಮಾತ್ರ." ಆಮೇಲೆ ತಂಗಿಯ ಕಡೆ ತಿರುಗಿ, "ನಿಮ್ಮಂಥ ಪ್ರಾಮಾಣಿಕರು ಸಿಗೋದು ಕಷ್ಟ ಮೇಡಂ," ಎಂದ. ಅವನು ನಿಜವಾಗಿಯೂ ಕೃತಜ್ಞನಾಗಿದ್ದ.

"ಇವನ ಬಾಯಿಗೂ ಎರಡು ಕೈ ಬಣ್ಣ ಹೊಡೀಬೇಕಿತ್ತು," ಎಂದಳು ಗುಂಡಿ ಅಜ್ಜಿ. ಈ ಸಲ ಯಾರೂ ನಗಲಿಲ್ಲ.

ಆ ವಾರವೇ ಯಂತ್ರಗಳು ಕೆಳಗಿಳಿದವು. ಹೊಲಿಗೆಯವರು ಒಬ್ಬೊಬ್ಬರು ಒಂದೊಂದು ದಿಕ್ಕಾದರು. ಅಕ್ಕ ಊರಾಚೆಯ ದೊಡ್ಡ ಕಾರ್ಖಾನೆಗೆ ಹೋಗಿ ಕೇಳಿದಳಂತೆ; ಅಲ್ಲಿ ದಿನವಿಡೀ ಬರೀ ಕಾಲರ್ ಹೊಲಿಯಬೇಕು, ಅದಕ್ಕೂ ಕಣ್ಣು ಚುರುಕಿರುವ ಸಣ್ಣ ವಯಸ್ಸಿನವರೇ ಬೇಕು ಎಂದರಂತೆ. ಮನೆಯ ಬಾಗಿಲಲ್ಲಿ ಕುಳಿತು ಹರಿದ ಜಿಪ್ಪು ಬದಲಿಸಿಕೊಡುತ್ತಿದ್ದಾಳೆಂದು ತಂಗಿಗೆ ಹೇಳಿದ್ದು ಪೈಪಣ್ಣ. ಅಕ್ಕ ಫೋನು ಎತ್ತುತ್ತಿದ್ದಳು. "ಹೂಂ, ಚೆನ್ನಾಗಿದೀನಿ, ನೀನು ಹುಷಾರು" ಎಂದು ಇಡುತ್ತಿದ್ದಳು.

ಬೀಗ ಬಿದ್ದ ಮಹಡಿಯ ಪೈಪಿನಲ್ಲಿ ನೀರು ನಿಲ್ಲಬಾರದು, ಖಾಲಿ ಮಾಡಿಕೊಡಿ ಎಂದು ಮಾಲೀಕನ ಕಡೆಯಿಂದ ಹೇಳಿ ಕಳಿಸಿದರು. ತಂಗಿ, ಪೈಪಣ್ಣ ಹೋದರು. ಅವನು ಮೇಲೆ ಉಳಿದ. ಅವಳು ಹಿಂದಿನ ಓಣಿಗೆ ಇಳಿದು, ಗೋಡೆಯಿಂದ ಹೊರಟಿದ್ದ ದಪ್ಪ ಪೈಪಿನ ವಾಲ್ವನ್ನು ಎರಡೂ ಕೈಯಲ್ಲಿ ತಿರುಗಿಸಿದಳು. ಮೊದಲು ಗಾಳಿ ಕೆಮ್ಮಿತು. ಆಮೇಲೆ ಮಸಿಯಂಥ ನೀರು ಧೋ ಎಂದು ಬಿತ್ತು.

ಯಾರೋ ಹತ್ತಿರ ಬಂದು ನಿಂತದ್ದು ಅವಳಿಗೆ ತಡವಾಗಿ ಗೊತ್ತಾಯಿತು. ಅಕ್ಕ. ಕಾವಲುಗಾರನ ಕೋಣೆಯಲ್ಲಿ ಬಿಟ್ಟಿದ್ದ ತನ್ನ ಕುರ್ಚಿಯನ್ನು ಒಯ್ಯಲು ಬಂದಿದ್ದಳು. ಅದನ್ನು ಬಗಲಿಗೆ ಒತ್ತಿಕೊಂಡಿದ್ದಳು. ನೀರು ನಿಲ್ಲುವಂತೆ ಕಾಣಲಿಲ್ಲ. ಚರಂಡಿ ತುಂಬಿ, ಕಲ್ಲಿನ ಸಂದುಗಳಲ್ಲಿ ಹರಡಿ, ಓಣಿಯುದ್ದಕ್ಕೂ ಹರಿಯಿತು. ಅಕ್ಕ ಚಪ್ಪಲಿ ನೆನೆಯದಂತೆ ಒಂದು ಹೆಜ್ಜೆ ಹಿಂದೆ ಸರಿದಳು.

"ಇಷ್ಟೊಂದು ನೀರಿತ್ತಾ ನಮ್ಮ ತಲೆ ಮೇಲೆ?" ಎಂದಳು.

"ಹೂಂ."

ಎದುರು ಮನೆಯ ಹೆಂಗಸೊಬ್ಬಳು ಸದ್ದು ಕೇಳಿ ಬಕೆಟ್ ಹಿಡಿದು ಓಡಿ ಬಂದಳು. ಪೈಪಿನ ಕೆಳಗೆ ಅದನ್ನಿಟ್ಟಳು, ತುಂಬುವುದನ್ನು ನೋಡಿದಳು, ಬಗ್ಗಿ ಮೂಸಿದಳು. ಬಕೆಟ್ಟನ್ನು ಅಲ್ಲೇ ಬೋರಲು ಹಾಕಿ ಖಾಲಿ ಮಾಡಿ, ಕೈಯನ್ನು ಗೋಡೆಗೆ ಒರೆಸಿಕೊಂಡು ಒಳಗೆ ಹೋದಳು.