ಮೀನಖಂಡಕ್ಕೆ ಉದಯರಾಗ

ಪ್ರಾಣಿಶಾಸ್ತ್ರದಲ್ಲಿ ನನಗೆ ಮೊದಲ ದರ್ಜೆ. ಗಂಡ ಸೇತುರಾಮ ಸ್ನಾಯು ಕ್ಷಯಿಸುವ ರೋಗದಿಂದ ತೀರಿಕೊಂಡ ಮೇಲೆ ಆ ರೋಗದ ಬಗ್ಗೆ ಓದತೊಡಗಿದೆ. ಪರೀಕ್ಷೆ ಮುಗಿದ ಮೇಲೆ ಪುಸ್ತಕ ತೆರೆಯುವ ಜಾಣೆ ನಾನು.

ಸಾವಿರದ ಒಂಬೈನೂರ ಎಪ್ಪತ್ತೆಂಟರ ಹೊತ್ತಿಗೆ ಅದೇ ರೋಗ ಮೈದುನ ಲಕ್ಷ್ಮೀಪತಿಗೂ ಬಂದಿತ್ತು. ಮೆಟ್ಟಿಲು ಹತ್ತುವಾಗ ತೊಡೆಗೆ ಕೈ ಊರುತ್ತಿದ್ದ. ಅವನ ಮುಂದೆ ಎರಡು ಕೆಲಸಗಳಿದ್ದವು: ದಿನವಿಡೀ ನಿಲ್ಲುವ ಬಸ್ ಕಂಡಕ್ಟರಿಕೆ, ವಿಜಯನಗರದ ಪುರುಷೋತ್ತಮರ ಅಂಗಡಿಯಲ್ಲಿ ಕೂತು ಬರೆಯುವ ಗುಮಾಸ್ತಿಕೆ. ಅವನಿಗೆ ಬೇಕಿದ್ದದ್ದು ಬಸ್ಸು.

ಒಂದು ದಿನ ಎಲ್ಲರೂ ಊಟಕ್ಕೆ ಕೂತಾಗ ಹೇಳಿದೆ: "ಸ್ನಾಯುವಿನ ಅಂಚಲ್ಲಿ ಕೆಲವು ಕೋಶಗಳು ಮಲಗಿರ್ತವೆ. ಪೆಟ್ಟಾದ್ರೆ ಎದ್ದು ಹೊಸ ಸ್ನಾಯು ಕಟ್ತವೆ." ಅಷ್ಟರಲ್ಲಿ ಸಾರು ಬಡಿಸಬೇಕಾಯಿತು. ಉಪನ್ಯಾಸ ಅಲ್ಲಿಗೇ ನಿಂತಿತು.

ಮರುದಿನ ಬೆಳಿಗ್ಗೆ ಅತ್ತೆ ಅನಂತಲಕ್ಷ್ಮಿ ದೇವರ ಮುಂದೆ ಉದಯರಾಗ ಹಾಡಿ ಮುಗಿಸಿ, ಮಗನ ಕಾಲ ಬುಡದಲ್ಲಿ ಕೂತು ಮತ್ತೆ ಶುರುಮಾಡಿದರು.

"ಇದೇನಮ್ಮಾ?"

"ಸುಮ್ನಿರೋ. ದೇವ್ರನ್ನೇ ಎಬ್ಬಿಸ್ತೀನಿ, ನಿನ್ನ ಮೀನಖಂಡದ ಸೋಂಬೇರಿಗಳು ಯಾವ ಲೆಕ್ಕ? ಅಂಬುಜಾ, ನೀನೂ ದನಿ ಸೇರಿಸೇ."

ಸೇರಿಸಿದೆ. ಗಂಡ ಸತ್ತಾಗ ದನಿ ತೆಗೆದು ಅಳದವಳು, ಮೀನಖಂಡದ ಮುಂದೆ ಉದಯರಾಗ ಹಾಡಿದೆ. ಶ್ರುತಿಯೂ ತಪ್ಪಿದೆ.

ದಿನಾ ಹೀಗೇ ನಡೆಯಿತು. ಮೊದಮೊದಲು ನಗುತ್ತಿದ್ದ ಲಕ್ಷ್ಮೀಪತಿ ಒಂದು ಸಂಜೆ ಹೇಳಿದ: "ಅತ್ತಿಗೆ, ಕಂಡಕ್ಟರ್ ಕೆಲಸಕ್ಕೇ ಹೂಂ ಅಂತೀನಿ. ಅವು ಎದ್ದ ಹಾಗಿದೆ." ಈಗ ನಗುತ್ತಿರಲಿಲ್ಲ.

ಉಪನ್ಯಾಸ ಮುಗಿಸಲೇಬೇಕಾಯಿತು.

"ನಿನ್ನಲ್ಲಿ ಅವು ಮಲಗೇ ಇಲ್ಲ ಕಣೋ. ದಿನಾ ರಿಪೇರಿ ಮಾಡ್ತಾನೇ ಇವೆ. ಕಟ್ಟಿದ್ದೆಲ್ಲ ಮತ್ತೆ ಒಡೆಯತ್ತೆ. ಕೊನೆಗೆ ಅವಕ್ಕೂ ಕೈಲಾಗಲ್ಲ ಅಂತ ಕಾಣತ್ತೆ."

"ಮದ್ದು?"

"ಆರೋಗ್ಯವಾದ ಕೋಶ ಹಾಕಿದ್ರೆ ನಿಲ್ತವಾ ಅಂತ ಇಲಿಗಳಲ್ಲಿ ನೋಡ್ತಿದಾರೆ. ಮುಂದೆ ಆಗಬಹುದು. ಯಾವಾಗ ಅಂತ ಯಾರಿಗೂ ಗೊತ್ತಿಲ್ಲ."

ಅಡುಗೆಮನೆಯಿಂದ ಅತ್ತೆ ಕೂಗಿದರು: "ನನ್ನ ತೊಡೆಯಿಂದ ತಗೊಳ್ಳಕ್ಕೆ ಹೇಳೇ! ಈಗ್ಲೂ ಕೆಂಗೇರಿವರೆಗೆ ನಡೀತೀನಿ."

"ನೀನು ಇಲಿ ಆಗಿದ್ರೆ ತಗೋತಿದ್ರಮ್ಮಾ," ಅಂದ ಲಕ್ಷ್ಮೀಪತಿ.

ಒಗ್ಗರಣೆ ಸೀದ ವಾಸನೆ ಬಂತು.

ಅವನು ತೊಡೆಗೆ ಕೈ ಊರಿ ಎದ್ದ. "ಪುರುಷೋತ್ತಮರ ಅಂಗಡಿಗೆ ಹೋಗಿ ಹೇಳಿ ಬರ್ತೀನಿ. ಕುರ್ಚಿನಾದ್ರೂ ಗಟ್ಟಿಯಾಗಿದೆಯೋ ನೋಡ್ಬೇಕು."

ಹೊರಗಿನ ಮೆಟ್ಟಿಲ ಬಳಿ ನಿಂತ. ಯಾವತ್ತೂ ಗೋಡೆ ಹಿಡಿದು ಇಳಿಯುತ್ತಿದ್ದವನು ಈ ಸಲ ನನ್ನತ್ತ ಕೈ ಚಾಚಿದ. ಕೊಟ್ಟೆ. ಬಿಗಿಯಾಗಿ ಹಿಡಿದ.

ನೋವಾಯಿತು. ಕೊನೆಯ ಮೆಟ್ಟಿಲವರೆಗೂ ಕೈ ಬಿಡಿಸಿಕೊಳ್ಳಲಿಲ್ಲ.