ತೆರಿಗೆಯ ಸಾಲಿನಲ್ಲಿ ಸೊನ್ನೆ

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಆಕೆಗೆ ಹನ್ನೊಂದು ವರ್ಷದ ಸರ್ವೀಸು. ಸಣ್ಣ ಮೈಕಟ್ಟು, ಸದ್ದಾದರೆ ಬೆಚ್ಚುವ ಸ್ವಭಾವ. ಹಾಗಾಗಿ ಎಲ್ಲರ ಬಾಯಲ್ಲೂ ಗುಬ್ಬಿ. ದಿನಕ್ಕೆ ನಾನೂರು ಹೊದಿಕೆ ನುಂಗುವ ಹಬೆಯ ಇಸ್ತ್ರಿಯಂತ್ರಕ್ಕೆ ಗುಬ್ಬಿ ಹೆದರಿದವಳಲ್ಲ. ಸಹಿ ಹಾಕುವ ಕಾಗದ ಕಂಡರೆ ಮಾತ್ರ ಕೈಕಾಲು ತಣ್ಣಗಾಗುತ್ತಿದ್ದವು.

ಐದು ತಿಂಗಳಿಂದ ಸಂಬಳ ಸ್ವಲ್ಪ ಜಾಸ್ತಿ ಬರುತ್ತಿತ್ತು. ಏರಿಸಿರಬೇಕು ಎಂದುಕೊಂಡು ಮಗಳಿಗೆ ಕನ್ನಡಕ ಮಾಡಿಸಿದಳು, ಅಡುಗೆಮನೆಯ ನಲ್ಲಿ ಬದಲಿಸಿದಳು. ಆ ನಲ್ಲಿ ಕೂರಿಸಲು ಬಂದ ಭಾವ, ಹಳೆಯ ಬಸ್ ಕಂಡಕ್ಟರ್, ಮೇಜಿನ ಮೇಲಿದ್ದ ಸಂಬಳದ ಚೀಟಿಯ ಮೇಲೆ ಕಣ್ಣಾಡಿಸಿದ.

"ಏನೇ ಇದು, ತೆರಿಗೆ ಕಡಿತದ ಸಾಲಲ್ಲಿ ಸೊನ್ನೆ ಇದೆ?"

"ಸೊನ್ನೆ ಇದ್ರೆ ಒಳ್ಳೇದಲ್ವಾ ಭಾವ?"

"ಟಿಕೆಟ್ ತಗೊಳ್ದೆ ಸೀಟಲ್ಲಿ ಕೂತಿದೀಯ ಅಂತ ಅರ್ಥ. ಚೆಕಿಂಗ್‌ನೋರು ಹತ್ತೋವರೆಗೂ ಆರಾಮು!" ಭಾವ ನಕ್ಕ. ಅವಳ ಮುಖ ನೋಡಿ ನಗು ನುಂಗಿಕೊಂಡ. "ತಿಂಗಳಾ ತಿಂಗಳಾ ನಿನ್ನ ಸಂಬಳದಿಂದ ಒಂದಿಷ್ಟು ಹಿಡಿದು, ನಿನ್ನ ಹೆಸರಲ್ಲಿ ಸರ್ಕಾರಕ್ಕೆ ಕಟ್ಟಬೇಕು ಕಣೆ. ಅವರು ಹಿಡೀದಿದ್ರೆ ವರ್ಷದ ಕೊನೇಲಿ ಪೂರಾ ನಿನ್ನ ತಲೆ ಮೇಲೆ. ಜೊತೆಗೆ ದಂಡ."

ಗುಬ್ಬಿಯ ಎದೆ ಧಸಕ್ಕೆಂದಿತು. ಮರುದಿನದಿಂದ ಬಾಗಿಲು ಬಡಿದರೂ ತೆರಿಗೆಯವರೇ ಬಂದರು ಎಂದುಕೊಳ್ಳುತ್ತಿದ್ದಳು. ಯೋಚನೆಯಲ್ಲಿ ಎರಡು ಹೊದಿಕೆ ಸುಟ್ಟಳು. ಮೂರನೆಯ ದಿನ, ಊಟದ ಬಿಡುವಿನಲ್ಲಿ, ಚೀಟಿಗಳನ್ನೆಲ್ಲ ಹಿಡಿದು ಸಂಬಳ ವಿಭಾಗದ ಕಿಟಕಿಯ ಮುಂದೆ ನಿಂತಳು.

ಗುಮಾಸ್ತ ಕಂಪ್ಯೂಟರ್ ನೋಡಿದ. ಕಡತದಿಂದ ಅವಳು ವರ್ಷದ ಆರಂಭದಲ್ಲಿ ತುಂಬಿಕೊಟ್ಟಿದ್ದ ಫಾರ್ಮ್ ತೆಗೆದ. "ಅವಲಂಬಿತರು: ಒಬ್ಬರು" ಎಂಬಲ್ಲಿ ಅವಳ ಗುರುತು ಸರಿಯಾಗಿಯೇ ಇತ್ತು. ಕಂಪ್ಯೂಟರಿನಲ್ಲಿ ಮಾತ್ರ "ತೆರಿಗೆ ವಿನಾಯಿತಿ" ಎಂದಿತ್ತು. ಅವನ ಮುಖ ಬಿಳಿಚಿಕೊಂಡಿತು. ಹಿಂದೆ ತಿರುಗಿ ನೋಡಿ, ಒಂದು ಖಾಲಿ ಫಾರ್ಮನ್ನು ಮುಂದೆ ತಳ್ಳಿದ.

"ಇಲ್ಲೊಂದು ಸೈನ್ ಹಾಕ್ಬಿಡಿ. ಹಳೇ ತಾರೀಖು ನಾನ್ ಬರ್ಕೋತೀನಿ. ವಿನಾಯಿತಿ ನೀವೇ ಕೇಳಿದ್ರಿ ಅಂತಾಗುತ್ತೆ."

"ಆಗ ತಪ್ಪು ಯಾರದ್ದಾಗುತ್ತೆ?"

"ಯಾರದ್ದೂ ಇಲ್ಲ. ಸುಮ್ನೆ ಒಂದು ಕಾಗದ ಅಷ್ಟೆ."

"ಹಾಕದಿದ್ರೆ?"

"ಮೇಲಿನೋರವರೆಗೂ ಹೋಗುತ್ತೆ. ಲಾಂಡ್ರೀಲಿ ಜನ ಕಮ್ಮಿ ಮಾಡ್ತಾರಂತೆ, ಕೇಳಿದೀರಲ್ಲ?"

ಕೆಲಸ ಹೋದರೆ ಬಾಡಿಗೆ ಹೇಗೆ? ಮಗಳ ಶಾಲೆ? ಗುಬ್ಬಿ ಪೆನ್ನು ಹಿಡಿದಳು. ಆಗ ಫಾರ್ಮ್ ಒತ್ತಿಹಿಡಿದಿದ್ದ ಅವನ ಬೆರಳುಗಳು ಕಂಡವು. ತನ್ನ ಕೈಗಿಂತ ಹೆಚ್ಚು ನಡುಗುತ್ತಿದ್ದವು. ಸುಮ್ಮನೆ ಕಾಗದವಾದರೆ ಇವನಿಗ್ಯಾಕೆ ಇಷ್ಟು ನಡುಕ?

ಪೆನ್ನು ಕೆಳಗಿಟ್ಟಳು. "ನನ್ನ ಹಳೇ ಫಾರ್ಮ್‌ದು ಒಂದು ಝೆರಾಕ್ಸ್ ಕೊಡಿ."

"ಮೆಷಿನ್ ಕೆಟ್ಟಿದೆ."

"ನಿಮ್ಮ ಹಿಂದೇನೇ ಓಡ್ತಾ ಇದೆಯಲ್ಲ ಸಾರ್."

ಸಾಲಿನಲ್ಲಿದ್ದ ಯಾರೋ ಕಿಸಕ್ಕೆಂದರು. ಇನ್ಯಾರೋ "ಬೇಗ ಮುಗಿಸಮ್ಮ" ಎಂದು ಗೊಣಗಿದರು. ಗುಬ್ಬಿ ಕದಲಲಿಲ್ಲ. ಕೊನೆಗೆ ಪ್ರತಿ ಕೈಗೆ ಬಂತು.

ಅದನ್ನು ಹಿಡಿದು ಮೊಗಸಾಲೆಯ ಕೊನೆಯಲ್ಲಿದ್ದ ಲೆಕ್ಕಾಧಿಕಾರಿಯ ಕೋಣೆಗೆ ಹೋಗುವಷ್ಟರಲ್ಲಿ ಅವಳ ಬೆನ್ನು ಒದ್ದೆಯಾಗಿತ್ತು. ಅಧಿಕಾರಿ ಹೆಂಗಸು ಆ ಪ್ರತಿಯನ್ನೂ ಐದೂ ಚೀಟಿಗಳನ್ನೂ ಓದಿದರು. ಇನ್ನೇನು ಪೊಲೀಸರಿಗೇ ಫೋನ್ ಮಾಡುತ್ತಾರೆ ಎಂದು ಗುಬ್ಬಿ ಕುರ್ಚಿಯ ಅಂಚು ಹಿಡಿದಳು.

"ತಪ್ಪು ನಮ್ಮದು," ಎಂದರು ಆಕೆ. "ಈ ತಿಂಗಳಿಂದ ಸರಿ ಮಾಡ್ತೀವಿ. ಬಾಕೀನ ಉಳಿದ ಏಳು ತಿಂಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹಿಡೀತೀವಿ. ದಂಡ ಬಿದ್ರೆ ಆಸ್ಪತ್ರೆ ಕಟ್ಟುತ್ತೆ."

"ಬರ್ದು ಕೊಡ್ತೀರಾ?"

ಆ ದನಿ ತನ್ನದೇ ಎಂದು ಗುಬ್ಬಿಗೆ ನಂಬಿಕೆಯಾಗಲಿಲ್ಲ. ಅಧಿಕಾರಿ ಅವಳನ್ನೊಮ್ಮೆ ನೋಡಿ, ಬರೆದುಕೊಟ್ಟರು. ಹುಡುಕಿದಾಗ ಇನ್ನೂ ಹದಿನಾಲ್ಕು ಜನರ ಚೀಟಿಯಲ್ಲಿ ಅದೇ ಸೊನ್ನೆ ಸಿಕ್ಕಿತು. ಗುಮಾಸ್ತನನ್ನು ಉಗ್ರಾಣದ ಕೆಲಸಕ್ಕೆ ಹಾಕಿದರು.

ಏಳು ತಿಂಗಳು ಕೈ ಬಿಗಿಹಿಡಿದೇ ಬದುಕಿದ್ದಾಯಿತು. ಪ್ರತಿ ಚೀಟಿಯನ್ನೂ ಬೆರಳಿಟ್ಟು ಓದಿದಳು. ಆದರೂ ವರ್ಷದ ಲೆಕ್ಕದ ಲಕೋಟೆ ಬಂದಾಗ ಒಡೆಯುವ ಧೈರ್ಯವಾಗದೆ ಭಾವನ ಕೈಗೆ ಕೊಟ್ಟಳು. ಬಾಕಿ ಏನೂ ಇರಲಿಲ್ಲ.

ಮರುವಾರ ಲಿಫ್ಟಿನಲ್ಲಿ ಆ ಗುಮಾಸ್ತ ಸಿಕ್ಕಿದ. ಇಬ್ಬರೇ. ಅವನು ನೆಲ ನೋಡುತ್ತಲೇ ಕೇಳಿದ: "ನಿಮಗೆ ದಂಡ ಗಿಂಡ ಏನಾದ್ರೂ...?"

"ಇಲ್ಲ."

ಅವನು ಗೋಡೆಗೊರಗಿ ಉಸಿರುಬಿಟ್ಟ. ಗುಬ್ಬಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ನೆಲಮಾಳಿಗೆ ಬಂದಾಗ ಇಳಿದು ಕೆಲಸಕ್ಕೆ ಹೋದಳು.