ಬೆಕ್ಕಿನ ಕಿವಿ

ಹಳ್ಳದ ನಡುವಿನ ಬಂಡೆಗೆ ಬೆಕ್ಕು ಎಂದು ಹೆಸರಿಟ್ಟವಳು ಅತ್ತೆಯೇ. ತುದಿಯಲ್ಲಿ ಎರಡು ಮೊನೆ, ಥೇಟ್ ಬೆಕ್ಕಿನ ಕಿವಿ. ಎರಡೂ ಕಂಡರೆ ರಬ್ಬರ್ ದೋಣಿ ನೀರಿಗೆ. ಒಂದು ಮುಳುಗಿದರೂ ಎಲ್ಲರೂ ಮನೆಗೆ. ಇಪ್ಪತ್ತು ವರ್ಷಗಳಿಂದ ಜನರನ್ನು ಆ ನೊರೆನೀರಿನಲ್ಲಿ ಕರೆದೊಯ್ಯುತ್ತಿದ್ದ ಅತ್ತೆಗೆ ಇನ್ನೊಂದು ಕಟ್ಟಳೆಯೂ ಇತ್ತು. ಹೊರಡುವ ಮುನ್ನ ದೋಣಿಯಲ್ಲಿ ಯಾರೊಬ್ಬರು ‘ಬೇಡ’ ಎಂದರೂ ದೋಣಿ ಕದಲದು. ಯಾಕೆಂದು ಕೇಳುವಂತಿಲ್ಲ, ಹಂಗಿಸುವಂತಿಲ್ಲ.

ಅವಳ ಅಣ್ಣನ ಮಗಳಿಗೆ ಅಂದು ಮೊದಲ ಸಲ ದೋಣಿಯ ಮುಂದಿನ ಜಾಗ ಸಿಕ್ಕಿತ್ತು. ಎರಡು ತಿಂಗಳು ಹಗ್ಗ ಸುತ್ತಿ, ಒದ್ದೆ ಜಾಕೆಟ್ ಒಣಹಾಕಿ ಗಳಿಸಿದ ಜಾಗ. ನಾಲ್ಕು ಜನರೆದುರು ಬಾಯಿ ಬಿಡಲು ಒದ್ದಾಡುವ ಹುಡುಗಿ. ಮನೆಯವರೆಲ್ಲ ಕರೆಯುವುದೇ ಗುಮ್ಮಿ ಎಂದು.

ಅತ್ತೆ ಹಳ್ಳಕ್ಕೆ ಬೆನ್ನು ಹಾಕಿ ಒಬ್ಬೊಬ್ಬರ ಜಾಕೆಟ್ಟಿನ ಪಟ್ಟಿ ಬಿಗಿಯುತ್ತಿದ್ದಳು.

“ಉಸಿರಾಡೋಕೇ ಆಗ್ತಿಲ್ಲಮ್ಮ!” ಎಂದರು ಪ್ರವಾಸಕ್ಕೆ ಬಂದಿದ್ದ ಹಲ್ಲಿನ ಡಾಕ್ಟರು.

“ಇಷ್ಟು ಮಾತಾಡ್ತಿದೀರಲ್ಲ ಡಾಕ್ಟ್ರೇ, ಉಸಿರೂ ಆಡ್ತಿರುತ್ತೆ ಬಿಡಿ.”

ಎಲ್ಲರೂ ನಕ್ಕರು. ಗುಮ್ಮಿ ನಗಲಿಲ್ಲ. ಬೆಕ್ಕಿನ ಎಡಗಿವಿ ಅವರು ದಡಕ್ಕೆ ಬಂದಾಗ ಇದ್ದುದಕ್ಕಿಂತ ಗಿಡ್ಡವಾಗಿತ್ತು. ನಡುನೀರಿನಲ್ಲಿ ತರಗೆಲೆ, ಕಡ್ಡಿಗಳು ತೇಲಿ ಬರತೊಡಗಿದ್ದವು. ಇಲ್ಲಿ ಬಿಸಿಲು, ಮೇಲೆ ಬೆಟ್ಟದಲ್ಲಿ ಎಷ್ಟು ಮಳೆಯಾಗಿದೆಯೋ! ಆದರೂ ಎರಡೂ ಕಿವಿ ಕಾಣುತ್ತಿದ್ದವು. ಬೇಡವೆಂದರೆ ತನ್ನ ಜಾಗಕ್ಕೆ ತಾನೇ ಕಲ್ಲು ಹಾಕಿಕೊಂಡಂತೆ.

ಎಲ್ಲರೂ ದೋಣಿ ಹತ್ತಿದರು. ಅತ್ತೆ ಕಟ್ಟಿದ ಹಗ್ಗಕ್ಕೆ ಕೈಯಿಟ್ಟು ಒಬ್ಬೊಬ್ಬರನ್ನೇ ಕೇಳುತ್ತ ಬಂದಳು. ಹೊರಡೋಣ, ಹೊರಡೋಣ, ಹೊರಡೋಣ.

“ಗುಮ್ಮಿ?”

ಗುಮ್ಮಿ ಮತ್ತೊಮ್ಮೆ ಎಡಗಿವಿಯತ್ತ ನೋಡಿದಳು. “ಬೇಡ,” ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ.

ಅತ್ತೆಗೆ ಕೇಳಿಸಿತು. ಹಗ್ಗಕ್ಕೆ ಇನ್ನೊಂದು ಗಂಟು ಬಿತ್ತು. “ಎಲ್ರೂ ಇಳೀರಿ.”

“ಇದೇನ್ರೀ, ಹುಡುಗಿ ಹೆದರಿದ್ಲು ಅಂತ...” ಡಾಕ್ಟರು ರಾಗ ಎಳೆದರು.

“ನಿಮ್ಮ ಕುರ್ಚೀಲಿ ಕೂತೋರು ಕೈ ಎತ್ತಿದ್ರೆ ಕೊರೆಯೋದು ನಿಲ್ಲಿಸ್ತೀರೋ, ಇನ್ನೊಂದು ಹಲ್ಲಿಗೆ ಕೈ ಹಾಕ್ತೀರೋ?”

ಡಾಕ್ಟರು ತೆಪ್ಪಗೆ ಇಳಿದು ಕಲ್ಲಿನ ಮೇಲೆ ಕೂತರು.

ನೀರು ಏರಿತು. ಎಡಗಿವಿ ಬೆರಳಿನ ಉಗುರಿನಷ್ಟಾಯಿತು. ಆದರೆ ಮುಳುಗಲಿಲ್ಲ. ನೀರು ಅಲ್ಲೇ ನಿಂತು, ಗಂಟೆ ಕಳೆಯುವುದರೊಳಗೆ ಇಳಿಯತೊಡಗಿತು. ಗುಮ್ಮಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

“ಸುಮ್ನೆ ಹೆದರಿದ್ನೇನೋ ಅತ್ತೆ.”

“ಇರಬಹುದು,” ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸುತ್ತ ಅತ್ತೆ ಎಂದಳು. “ಅದಕ್ಕೇನೀಗ? ಹಳ್ಳ ಓಡ್ತಾನೇ ಇರುತ್ತೆ, ಆದ್ರೆ ಎಲ್ಲಿಗೂ ಹೋಗಲ್ಲ ಕಣೇ. ಕುಡಿ, ಆರೋಗುತ್ತೆ.”

ಹಗ್ಗ ಎಳೆದೆಳೆದು ಒರಟಾದ ಅವಳ ಕೈಗಳನ್ನೇ ಗುಮ್ಮಿ ನೋಡಿದಳು. ಈ ನೀರಿನ ಒಂದೊಂದು ಸುಳಿಯೂ ಅತ್ತೆಗೆ ಅಂಗೈ ರೇಖೆಯಿದ್ದಂತೆ. ತಾನು ಬೇಡವೆಂದಾಗ ಅವಳು ಒಮ್ಮೆ ತಿರುಗಿ ಬೆಕ್ಕನ್ನು ನೋಡಿದ್ದರೆ, ‘ಏನೂ ಆಗಲ್ಲ ಬಾ’ ಅನ್ನಬಹುದಿತ್ತು. ತಿರುಗಿಯೇ ಇರಲಿಲ್ಲ.

ಎರಡೂ ಕಿವಿಗಳು ಒಣಗಿದ ಮೇಲೆ ಮತ್ತೆ ದೋಣಿ ಹತ್ತಿದರು. ಗುಮ್ಮಿ ತಾನಾಗಿಯೇ ಹಿಂದಕ್ಕೆ ಸರಿದಳು.

“ಎಲ್ಲಿಗೆ ಹೊರಟೆ?” ಅತ್ತೆ ಕೈಯಲ್ಲಿದ್ದ ಹುಟ್ಟಿನಿಂದ ಮುಂದಿನ ಜಾಗ ತೋರಿಸಿದಳು. ಈ ಸಲ ಮೊದಲು ಕೇಳಿದ್ದೂ ಅವಳನ್ನೇ. “ಏನಂತೀಯೇ?”

“ಹೊರಡೋಣ!”

ಕೊನೆಯಲ್ಲಿ ಕೂತವರಿಗೂ ಕೇಳಿಸಿತು. ಹಗ್ಗ ಬಿಚ್ಚಿತು, ದೋಣಿಯ ಮೂತಿ ತಗ್ಗಿತು, ನೊರೆ ಮುಖಕ್ಕೆ ರಾಚಿತು. ಬೆನ್ನ ಹಿಂದೆ ಯಾರೋ ಚೀರುತ್ತಿದ್ದರು, ಅದರ ಮೇಲೆ ಅತ್ತೆಯ ದನಿ:

“ಡಾಕ್ಟ್ರೇ, ಬಾಯಿ ಮುಚ್ಚಿ, ಹುಟ್ಟು ಹಾಕಿ!”